ಟ್ಯಾಬ್ ಮೇಯಿಸುವ ಅಮೀರುನ್ನಿಸಾ

ಅಮೀರುನ್ನಿಸಾ ಅವರಿಗೆ ಸ್ವಂತದ್ದೊಂದು ಟ್ಯಾಬ್ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮೂವತ್ತಾರು ಮಂದಿ ದುಡಿಯುವವರ ಟ್ಯಾಬ್‌ಗಳನ್ನು ನೋಡಿಕೊಳ್ಳುವುದು ಅವರ ಉದ್ಯೋಗ. ಯಾರ ಟ್ಯಾಬಿನಲ್ಲಿ ಯಾವ ಆಪ್ ಇರಬೇಕು, ಯಾವುದನ್ನು ಕಿತ್ತು ಹಾಕಬೇಕು, ಯಾರು ಪಾಸ್‌ವರ್ಡ್ ಮರೆಯುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ಚೀಲದಲ್ಲಿ ಇರುವುದು ಪರದೆಯ ಮೂಲೆ ಒಡೆದ ಹಳೆಯ ಫೋನು. ಅದರೊಳಗೆ ಎರಡು ಕಂಪನಿಯ ಎರಡು ಸಿಮ್.

ಸೋಮವಾರ, ಈಗಷ್ಟೇ ಬೆಳಕು ಹರಿಯುತ್ತಿದೆ. ವಾನಳ್ಳಿ ದಾಟಿ ಮುಂದೆ ಹೋದರೆ ರಸ್ತೆ ಕೆಳಗಿಳಿಯಲು ಶುರುವಾಗುವಲ್ಲಿ ಒಂದು ತಿರುವು. ತಿರುವಿನ ಈಚೆಗೆ ಸಿಗ್ನಲ್ ಇದೆ, ಆಚೆಗೆ ಇಲ್ಲ. ಕೆಳಗಿನ ಊರುಗಳ ಅಂಗಡಿಗಳಿಗೆ ಬ್ರೆಡ್ಡು, ತರಕಾರಿ ಒಯ್ಯುವ ಪಿಕಪ್ ಅಲ್ಲಿ ನಿಲ್ಲುತ್ತದೆ. ಓಡಿಸುತ್ತಿರುವವರು ಗಂಡ ಖಾಜಾ ಹುಸೇನ್. ಅಮೀರುನ್ನಿಸಾ ಇಳಿದು ರಸ್ತೆ ಬದಿಯ ಚಪ್ಪಡಿ ಕಲ್ಲಿನ ಮೇಲೆ ಗೋಣಿಚೀಲ ಹಾಸುತ್ತಾರೆ. ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೊಕ್ಕೆಕೋಲಿನಲ್ಲಿ ಎತ್ತಿ ಮತ್ತಿ ಮರದ ಟೊಂಗೆಗೆ ಸಿಕ್ಕಿಸುತ್ತಾರೆ. ಕೈಯಲ್ಲಿ ಹಿಡಿದರೆ ಒಂದು ಗೆರೆ ತೋರಿಸುವ ಸಿಗ್ನಲ್ ಆ ಎತ್ತರದಲ್ಲಿ ಮೂರು ಗೆರೆ ತೋರಿಸುತ್ತದೆ. ಟೊಂಗೆಯ ಮೇಲಿಂದ ಆ ಫೋನು ಕೆಳಗಿನ ಟ್ಯಾಬ್‌ಗಳಿಗೆಲ್ಲ ಇಂಟರ್ನೆಟ್ ಹಂಚಬೇಕು.

ಅಷ್ಟರಲ್ಲಿ ಕೆಳಗಿನಿಂದ ವಸ್ತಿ ಬಸ್ಸು ಏದುಸಿರು ಬಿಡುತ್ತ ಹತ್ತಿ ಬರುತ್ತದೆ. ರಾತ್ರಿ ಅಬ್ಬಿಗದ್ದೆಯಲ್ಲಿ ತಂಗಿ ಬೆಳಿಗ್ಗೆ ಶಿರಸಿಗೆ ಹೊರಡುವ ಬಸ್ಸು ಅದು. ಕಂಡಕ್ಟರ್ ವೀರಪ್ಪ ಹಾವೇರಿ ಕಡೆಯವರು. ಬಾಗಿಲಲ್ಲೇ ನಿಂತು ಬಟ್ಟೆಯ ಚೀಲಗಳನ್ನು ಒಂದೊಂದಾಗಿ ಇಳಿಸುತ್ತಾರೆ.

“ಏನ್ರೀ ಅಕ್ಕಾರ, ಇವತ್ತು ಏಳು ಕುರಿ ಅದಾವ ನೋಡ್ರಿ. ಎಣಿಸಿಕೊಳ್ರಿ. ಆಮ್ಯಾಲೆ ಒಂದನ್ನ ತೋಳ ತಿಂತು ಅನಬ್ಯಾಡ್ರಿ.”

“ತೋಳ ಎಲ್ಲಿದೆ ಅಂತ ನಂಗೆ ಗೊತ್ತು. ಟಿಕೆಟ್ ಚೀಲ ಹಾಕ್ಕೊಂಡು ಬಾಗಿಲಲ್ಲೇ ನಿಂತದೆ.”

ಬಸ್ಸಿನಲ್ಲಿದ್ದವರು ನಗುತ್ತಾರೆ. ಬಸ್ಸು ಹೊರಡುತ್ತದೆ. ಕುರಿ ಎಂದರೆ ಟ್ಯಾಬ್. ಅಮೀರುನ್ನಿಸಾ ಟ್ಯಾಬ್ ಮೇಯಿಸುತ್ತಾರೆ ಎಂದು ಮೊದಲು ಹೇಳಿದವರು ಇದೇ ವೀರಪ್ಪ. ಈಗ ಮೂರೂ ತಾಲ್ಲೂಕಿನಲ್ಲಿ ಅದೇ ಮಾತು. ಅಮೀರುನ್ನಿಸಾ ಅವರಿಗೂ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ. ಸಿಗ್ನಲ್ ಇಲ್ಲದ ಊರಿನ ಟ್ಯಾಬ್‌ಗಳು ವಾರಕ್ಕೊಮ್ಮೆ ಸಿಗ್ನಲ್ ಇರುವ ಜಾಗಕ್ಕೆ ಬರುತ್ತವೆ, ಹೊಟ್ಟೆ ತುಂಬಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗುತ್ತವೆ.

ಈ ಕಡೆಯಲ್ಲಿ ಬಸ್ಸಿನ ಮೇಲೆ ಸಾಮಾನು ಕಳಿಸುವುದು ಹೊಸತಲ್ಲ. ಮೊಸರು, ಹೂವು, ಮಾತ್ರೆ, ಹಾಸ್ಟೆಲಿನಲ್ಲಿರುವ ಮಕ್ಕಳ ತಿಂಡಿ ಡಬ್ಬಿ ಎಲ್ಲವೂ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತು ಊರೂರು ತಿರುಗುತ್ತವೆ. ಟ್ಯಾಬ್ ಅದರ ಜೊತೆಗೆ ಸೇರಿಕೊಂಡಿತು. ನೇರ ಶಿರಸಿ ಪೇಟೆಗೇ ಕಳಿಸಬಹುದಲ್ಲ ಎಂದರೆ ಅಮೀರುನ್ನಿಸಾ ತಲೆಯಾಡಿಸುತ್ತಾರೆ. ಪೇಟೆಯಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೊರಟಿರುತ್ತದೆ, ವಾಪಸು ಬರುವುದು ಮರುದಿನ. ದಿನವೂ ಕೆಲಸಕ್ಕೆ ಹೋಗುವವರ ಕೈಯಿಂದ ಟ್ಯಾಬನ್ನು ಒಂದಿಡೀ ದಿನ ಕಿತ್ತುಕೊಳ್ಳುವಂತಿಲ್ಲ. ಹಾಗಾಗಿ ಸೋಮವಾರ ವಾನಳ್ಳಿ ಕಡೆ, ಬುಧವಾರ ಸಿದ್ದಾಪುರದ ಕಡೆ, ಗುರುವಾರ ಯಲ್ಲಾಪುರದ ಕಡೆ. ಪ್ರತಿಯೊಂದು ದಾರಿಯಲ್ಲೂ ಇಂಥದೇ ಒಂದು ತಿರುವು, ಒಂದು ಕಲ್ಲು, ಒಂದು ಮರ ಅವರಿಗೆ ಗೊತ್ತಿದೆ.

ನಲವತ್ತರ ಗಡಿಯಲ್ಲಿರುವ ಅಮೀರುನ್ನಿಸಾ ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ. ಪಿಯುಸಿ ಮುಗಿಸಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಟೈಪಿಂಗಿಗೆ ಸೇರಿದರು. ಹನ್ನೆರಡು ವರ್ಷ ಊರಿನವರ ಮದುವೆ, ಮುಂಜಿ, ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳನ್ನು ಟೈಪ್ ಮಾಡಿದರು. ಜನ ಆಮಂತ್ರಣವನ್ನು ಫೋನಿನಲ್ಲೇ ಕಳಿಸಲು ಕಲಿತ ಮೇಲೆ ಪ್ರೆಸ್ಸಿಗೆ ಬೀಗ ಬಿತ್ತು. ಕೊನೆಯ ದಿನಗಳಲ್ಲಿ ಅಲ್ಲಿಗೆ ತಪ್ಪದೆ ಬರುತ್ತಿದ್ದ ಒಬ್ಬರೇ ಗಿರಾಕಿ ಕಾವ್ಯಶ್ರೀ. ಯಲ್ಲಾಪುರ ತಾಲ್ಲೂಕಿನ ಹಾಡಿಗಳಿಗೆ ಹೋಗಿ ದನ, ಎಮ್ಮೆಗಳಿಗೆ ಲಸಿಕೆ ಹಾಕುವುದು ಅವರ ಕೆಲಸ. ವಾರದ ವರದಿ ಟೈಪ್ ಮಾಡಿಸಲು ಬರುತ್ತಿದ್ದರು. ಒಂದು ದಿನ ಹೊಸ ಟ್ಯಾಬ್ ತಂದು ಮೇಜಿನ ಮೇಲೆ ಕುಕ್ಕಿ, ಕಾಡೊಳಗೆ ಇದರಲ್ಲಿ ಯಾವುದೂ ತೆರೆಯುವುದಿಲ್ಲ, ಮಾರಿಬಿಡುತ್ತೇನೆ ಎಂದರು.

“ನಾನು ನೋಡಿದೆ. ಹದಿನೆಂಟು ಆಪ್ ಹಾಕ್ಕೊಂಡಿದ್ಲು ಹುಡುಗಿ. ನೆಟ್ ಇಲ್ದೆ ಹೋದ್ರೆ ಹದಿನೆಂಟೂ ಬರೀ ಚಿತ್ರ,” ಎನ್ನುತ್ತಾರೆ ಅಮೀರುನ್ನಿಸಾ. “ಆವತ್ತೇ ವಿಮಾನ ಪರೀಕ್ಷೆ ಶುರು ಮಾಡಿದ್ದು.”

ವಿಮಾನ ಪರೀಕ್ಷೆ ಎಂಬುದು ಅವರದೇ ಹೆಸರು. ಟ್ಯಾಬನ್ನು ಫ್ಲೈಟ್ ಮೋಡಿಗೆ ಹಾಕುವುದು, ಅಂದರೆ ಎಲ್ಲ ಸಂಪರ್ಕವನ್ನೂ ಕಡಿಯುವುದು. ಆಮೇಲೆ ಒಂದೊಂದೇ ಆಪ್ ತೆರೆದು ಅದರಲ್ಲಿ ನಿಜವಾದ ಒಂದು ಕೆಲಸ ಮಾಡಿ ನೋಡುವುದು. ಕೆಲಸ ಆದರೆ ಇರುತ್ತದೆ. ಸುತ್ತುವ ಚಕ್ರ ತೋರಿಸುತ್ತ ಕೂತರೆ ಅಲ್ಲೇ ಅಳಿಸಿ ಹಾಕುತ್ತಾರೆ, ಅದು ಎಷ್ಟು ಹೆಸರುವಾಸಿಯಾಗಿದ್ದರೂ ಸರಿ. ಪರೀಕ್ಷೆಯಲ್ಲಿ ಪಾಸಾದವುಗಳಲ್ಲೂ ಆರಕ್ಕಿಂತ ಹೆಚ್ಚನ್ನು ಮೊದಲ ಪರದೆಯ ಮೇಲೆ ಇಡುವುದಿಲ್ಲ. ಆರು ದಾಟಿದರೆ ಅದು ಟ್ಯಾಬ್ ಅಲ್ಲ, ಸಂತೆ ಎನ್ನುವುದು ಅವರ ವಾದ.

ಯಾರಿಗೆ ಯಾವ ಆರು ಎಂಬುದನ್ನು ಅವರು ಜನರ ಕೆಲಸ ನೋಡಿ ತೀರ್ಮಾನಿಸುತ್ತಾರೆ. ಅದಕ್ಕಾಗಿ ಮೊದಲ ದಿನ ಅವರ ಹಿಂದೆ ಸುಮ್ಮನೆ ತಿರುಗುತ್ತಾರೆ. ಕಾವ್ಯಶ್ರೀ ಅವರಿಗೆ ಬೇಕಿದ್ದದ್ದು ಯಾವ ಹಾಡಿಗೆ ಮತ್ತೆ ಯಾವಾಗ ಹೋಗಬೇಕು ಎಂದು ನೆನಪಿಸುವ ಕ್ಯಾಲೆಂಡರ್ ಮತ್ತು ದನದ ಕಿವಿಗೆ ಹಾಕಿದ ಗುರುತಿನ ಓಲೆಯ ಸಂಖ್ಯೆಯನ್ನು ಫೋಟೊದಿಂದ ಓದಿ ಪಟ್ಟಿಗೆ ಸೇರಿಸುವ ಆಪ್. ಸಿದ್ದಾಪುರದ ಬಡಗಿಯೊಬ್ಬರಿಗೆ ಬಾಗಿಲು, ಕಿಟಕಿಯ ಅಳತೆ ಬರೆದರೆ ಚಿತ್ರ ಬಿಡಿಸಿ ಕೊಡುವ ಆಪ್ ಹಾಕಿಕೊಟ್ಟರು. ಮನೆಯವರು ಚಿತ್ರ ನೋಡಿ ಒಪ್ಪಿದ ಮೇಲೇ ಅವರು ಮರಕ್ಕೆ ಗರಗಸ ಇಡುತ್ತಾರೆ. ಮೊದಲೆಲ್ಲ ಬಾಗಿಲು ನಿಂತ ಮೇಲೆ ಜಗಳ ಆಗುತ್ತಿತ್ತು, ಈಗ ಚಿತ್ರದಲ್ಲೇ ಆಗಿ ಮುಗಿಯುತ್ತದೆ.

ಹೆಗಡೆಕಟ್ಟಾದ ಅಡುಗೆಯ ರಾಘು ಭಟ್ಟರದ್ದು ಬೇರೆಯೇ ಸಮಸ್ಯೆ. ಇನ್ನೂರು ಜನರ ಊಟ ಕೊನೆ ಗಳಿಗೆಯಲ್ಲಿ ಮುನ್ನೂರು ಆಗುತ್ತದೆ. ಸಾಮಾನಿನ ಪಟ್ಟಿಯನ್ನು ತಿದ್ದಲು ಹೋದರೆ ಕೈತುಂಬ ಕಡಲೆಹಿಟ್ಟು. ಅವರ ಟ್ಯಾಬಿನಲ್ಲಿ ಜನರ ಸಂಖ್ಯೆ ಬದಲಿಸಿದರೆ ಬೇಳೆ, ಬೆಲ್ಲ, ಎಣ್ಣೆ ಎಲ್ಲವೂ ತಾವಾಗಿ ಬದಲಾಗುವ ಹಾಳೆ ಇದೆ. ಅದು ಕೈಯಿಂದ ಮುಟ್ಟದೆಯೇ ಕೇಳುತ್ತದೆ, ಹೇಳುತ್ತದೆ.

“ಆನು ಬಾಯಲ್ಲಿ ಹೇಳ್ತೆ, ಅದು ಬರ್ಕತ್ತು. ಹೊತ್ತಿಗೆ ಸರಿಯಾಗಿ ನೆನಪೂ ಮಾಡ್ತು,” ಎನ್ನುತ್ತಾರೆ ಭಟ್ಟರು. “ನಮ್ಮನೆ ಅಡುಗೆ ಹುಡುಗ್ರ ಹಂಗೆ ಬೀಡಿ ಸೇದಲೆ ಹೋಗ್ತಿಲ್ಲೆ, ಅದೊಂದು ದೊಡ್ಡ ಗುಣ.”

ಇಷ್ಟೆಲ್ಲ ಇದ್ದರೂ ಅಮೀರುನ್ನಿಸಾ ಅವರ ಮುಖ್ಯ ಕೆಲಸ ಆಪ್ ಹಾಕುವುದಲ್ಲ. ಟ್ಯಾಬ್ ಕಳೆಯುತ್ತದೆ, ಬೀಳುತ್ತದೆ, ಹೊಳೆಗೆ ಹೋಗುತ್ತದೆ. ಅದರೊಳಗಿನ ದುಡಿಮೆ ಹೋಗಬಾರದು. ಆದ್ದರಿಂದ ವಾರಕ್ಕೊಮ್ಮೆ ಅದರಲ್ಲಿದ್ದದ್ದರ ಇನ್ನೊಂದು ಪ್ರತಿಯನ್ನು ಇಂಟರ್ನೆಟ್ಟಿನಲ್ಲಿ ಭದ್ರವಾಗಿ ಇಡುತ್ತಾರೆ. ಬ್ಯಾಕಪ್ ಎನ್ನುವುದು ಅದಕ್ಕೇ. ಗೋಣಿಯ ಮೇಲೆ ಟ್ಯಾಬ್‌ಗಳನ್ನು ಸಾಲಾಗಿ ಮಲಗಿಸಿ ಕಾಯುತ್ತ ಕೂರುವುದು ದೂರದಿಂದ ನೋಡುವವರಿಗೆ ಸೋಮಾರಿತನದಂತೆ ಕಾಣುತ್ತದೆ. ದನ ಕಾಯುವವರೂ ಹಾಗೆಯೇ ಕಾಣುತ್ತಾರೆ.

ಆ ಕೆಲಸದ ಬೆಲೆ ಎಷ್ಟೆಂದು ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ, ಅಬ್ಬಿಗದ್ದೆಯ ನೀರಿನ ಲೈನಿನ ವಿಷಯದಲ್ಲಿ.

ಅಬ್ಬಿಗದ್ದೆಯಲ್ಲಿ ಬೋರ್‌ವೆಲ್ ಇಲ್ಲ, ಪಂಪು ಇಲ್ಲ. ಮೇಲಿನ ಕಾಡಿನಲ್ಲಿ ವರ್ಷವಿಡೀ ಜಿನುಗುವ ಅಬ್ಬಿಯ ನೀರು ಪೈಪಿನಲ್ಲಿ ತಾನಾಗಿ ಇಳಿದು ಹನ್ನೆರಡು ಮನೆಗೆ, ಒಂದು ಅಂಗನವಾಡಿಗೆ ಬರುತ್ತದೆ. ಎರಡು ತಲೆಮಾರಿನ ಹಿಂದೆ ಹಾಕಿದ ಲೈನು. ಅರ್ಧ ಭಾಗ ಮಣ್ಣಿನಡಿ, ಉಳಿದದ್ದು ತರಗೆಲೆಯಡಿ. ಅದನ್ನು ನೋಡಿಕೊಳ್ಳುವವರು ಹೊನ್ನ ನಾಯ್ಕ. ಎಲ್ಲೋ ಜಾಯಿಂಟ್ ಬಿಚ್ಚಿದರೆ, ಪೈಪಿನಲ್ಲಿ ಗಾಳಿ ಕಟ್ಟಿಕೊಂಡರೆ, ಹಂದಿ ಗುದ್ದಿದರೆ ಹಾರೆ ಹಿಡಿದು ಕಾಡು ಹತ್ತುವವರು ಅವರೊಬ್ಬರೇ.

ಎರಡು ವರ್ಷದ ಹಿಂದೆ ಅಮೀರುನ್ನಿಸಾ ಹೊನ್ನ ನಾಯ್ಕರ ಟ್ಯಾಬಿಗೆ ಒಂದು ನಕ್ಷೆಯ ಆಪ್ ಹಾಕಿಕೊಟ್ಟರು. ಜಾಗ ಗುರುತಿಸಲು ಅದಕ್ಕೆ ಇಂಟರ್ನೆಟ್ ಬೇಡ, ಮೇಲೆ ಆಕಾಶ ಕಂಡರೆ ಸಾಕು. ಲೈನಿನ ಮೇಲೆ ನಡೆಯುತ್ತ ಹೋದರೆ ನಡೆದ ದಾರಿ ಗೆರೆಯಾಗುತ್ತದೆ. ಜಾಯಿಂಟ್ ಇರುವಲ್ಲಿ ಒತ್ತಿದರೆ ಕೆಂಪು ಚುಕ್ಕೆ, ವಾಲ್ವ್ ಇರುವಲ್ಲಿ ಹಸಿರು. ಹೊನ್ನ ನಾಯ್ಕರು ಒಂದು ಬೇಸಿಗೆ ಪೂರ್ತಿ ನಡೆದು ಅಬ್ಬಿಯಿಂದ ಊರಿನವರೆಗಿನ ಲೈನನ್ನು ಟ್ಯಾಬಿಗೆ ಹತ್ತಿಸಿದರು. ಹನ್ನೊಂದು ಮನೆಯ ಕವಲು, ಅಂಗನವಾಡಿಯ ಕವಲು ಎಲ್ಲ ಬಂತು. ಕಾಡಂಚಿನಲ್ಲಿ ಒಂಟಿಯಾಗಿರುವ ಹನ್ನೆರಡನೆಯ ಮನೆಯ ಕವಲನ್ನು ಮಾತ್ರ ಬಿಟ್ಟಿದ್ದರು. ಅದು ಅವರದೇ ಮನೆ. ಯಾಕೆ ಬಿಟ್ಟಿರಿ ಎಂದು ಅಮೀರುನ್ನಿಸಾ ಆಗಲೇ ಕೇಳಿದ್ದರು.

“ನಮ್ಮನೆ ಲೈನಿಗೆ ನಕ್ಷೆ ಎಂತಕ್ಕೆ ಅಕ್ಕೋರೆ? ಕಣ್ಣು ಕಟ್ಟಿ ಬಿಟ್ರೂ ಹೋಗಿ ಮುಟ್ತೆ,” ಎಂದಿದ್ದರು ಹೊನ್ನ ನಾಯ್ಕ.

ಜುಲೈ ಕೊನೆಯಲ್ಲಿ ಅಬ್ಬಿಗದ್ದೆಯ ಮೇಲಿನ ಗುಡ್ಡ ಜಾರಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಣ್ಣು ರಸ್ತೆಗೆ ಬಿದ್ದು ವಸ್ತಿ ಬಸ್ಸು ನಿಂತಿತು, ಲೈನು ಹೂತುಹೋಯಿತು. ಹೊನ್ನ ನಾಯ್ಕರು ಮರುದಿನವೇ ಟ್ಯಾಬ್ ಹಿಡಿದು ಹೊರಟರು. ಲೈನು ಎಲ್ಲಿ ತುಂಡಾಗಿದೆ, ಎಲ್ಲಿ ಮಣ್ಣಿನಿಂದ ಹೊರಗೆ ಚಾಚಿದೆ ಎಂಬುದನ್ನೆಲ್ಲ ಗುರುತು ಹಾಕುತ್ತ ಹೋದರು. ಈ ಸಲ ಕಣ್ಣು ಕಟ್ಟಿದರೆ ಆಗುವುದಿಲ್ಲ ಎಂದು ಗೊತ್ತಾಗಿ ತಮ್ಮ ಮನೆಯ ಕವಲನ್ನೂ ಸೇರಿಸಿದರು. ಎಲ್ಲ ಸೇರಿ ಹೊಸದಾಗಿ ಹದಿನೇಳು ಚುಕ್ಕೆ. ಅದರ ಮೇಲೆ ಆಗ ಇನ್ನೂ ಮಣ್ಣು ಬಿದ್ದಿರಲಿಲ್ಲ.

ಇತ್ತ ಅಮೀರುನ್ನಿಸಾ ಎರಡು ಸೋಮವಾರ ತಿರುವಿಗೆ ಬಂದು ಕೂತರು. ಬಸ್ಸು ಇಲ್ಲದ ಮೇಲೆ ಚೀಲಗಳು ಬರುವುದು ಹೇಗೆ? ಮೂರನೆಯ ಸೋಮವಾರ ಕಾಯದೆ, ಮಣ್ಣಿನ ರಾಶಿಯವರೆಗೆ ಗಂಡನ ಪಿಕಪ್‌ನಲ್ಲಿ ಹೋಗಿ, ಅಲ್ಲಿಂದ ನಡೆದು ಅಬ್ಬಿಗದ್ದೆ ಮುಟ್ಟಿದರು. ಹೊನ್ನ ನಾಯ್ಕರ ಮನೆಯಲ್ಲಿ ಅವರ ತಾಯಿ ದ್ಯಾವಮ್ಮ ಒಬ್ಬರೇ ಇದ್ದರು. ಟ್ಯಾಬ್ ಎಲ್ಲಿ ಎಂದು ಕೇಳಿದಾಗ ಮುದುಕಿ ಒಲೆಯ ಮೇಲಿನ ಅಟ್ಟವನ್ನು ತೋರಿಸಿದರು.

ಮಳೆಗಾಲದಲ್ಲಿ ಇಲ್ಲಿ ಯಾವುದು ಹಾಳಾಗಬಾರದೋ ಅದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಬಿತ್ತನೆ ಬೀಜ, ಬೆಂಕಿಪೊಟ್ಟಣ, ಉಪ್ಪಿನ ಮಡಕೆ, ರೇಷನ್ ಕಾರ್ಡು. ಕೆಳಗೆ ಬೆಂಕಿ ಆರದೆ ಇರುವವರೆಗೆ ಅಲ್ಲಿಗೆ ಥಂಡಿ ಹತ್ತುವುದಿಲ್ಲ. ಮಗ ದಿನವೂ ಒದ್ದೆಯಾದ ಟ್ಯಾಬ್ ಹಿಡಿದು ಬರುವುದನ್ನು ನೋಡಿದ ದ್ಯಾವಮ್ಮ, ಅವನು ಮಲಗಿದ ಮೇಲೆ ಅದನ್ನು ಒರೆಸಿ, ಬಟ್ಟೆ ಸುತ್ತಿ, ಬೀಜದ ಬುಟ್ಟಿಯ ಪಕ್ಕದಲ್ಲಿ ಇಡುತ್ತಿದ್ದರು. ಕೆಲವು ದಿನ ಏನೂ ಆಗಲಿಲ್ಲ. ಆ ಬೆಳಿಗ್ಗೆ ಮಗ ರಸ್ತೆಯ ಮಣ್ಣು ಎತ್ತುವ ಕೆಲಸಕ್ಕೆ ಹೋಗಿದ್ದರಿಂದ ಟ್ಯಾಬ್ ಅಲ್ಲೇ ಉಳಿದಿತ್ತು.

ಅಮೀರುನ್ನಿಸಾ ಬಟ್ಟೆ ಬಿಚ್ಚಿ ನೋಡಿದರೆ ಟ್ಯಾಬ್ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿತ್ತು. ಬ್ಯಾಟರಿ ಶಾಖಕ್ಕೆ ಊದಿ, ಪರದೆಯನ್ನು ಎಬ್ಬಿಸಿ, ಒಳಗಿನ ಬೋರ್ಡನ್ನು ಸೀಳಿತ್ತು. ಶಿರಸಿಯ ರಿಪೇರಿಯವರು ಅದನ್ನು ಅಂಗಡಿಯ ಒಳಗೆ ತರಲೂ ಬಿಡಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಿಚ್ಚಿ ನೋಡಿ ಕೈ ಚೆಲ್ಲಿದರು.

ತಪ್ಪಾಯಿತು ಎಂದು ದ್ಯಾವಮ್ಮ ಹೇಳಲಿಲ್ಲ. ಈಗಲೂ ಹೇಳುವುದಿಲ್ಲ.

“ಬೀಜ ಅಲ್ಲೇ ಇಟ್ಟದ್ದು. ಬೆಂಕಿಪೊಟ್ಟಣ ಅಲ್ಲೇ ಇಟ್ಟದ್ದು. ಇವ್ನ ಅಪ್ಪನ ರೇಡಿಯೊ ಹತ್ತು ಮಳೆಗಾಲ ಅಲ್ಲೇ ಇತ್ತು,” ಎನ್ನುತ್ತಾರೆ ಅವರು. “ಯಾವ್ದೂ ಉಬ್ಬಲಿಲ್ಲ. ನಿಮ್ಮ ಈ ಹಲಗೆ ಒಂದೇ ಉಬ್ಬಿದ್ದು. ಅದ್ಕೆ ನನ್ನ ಒಲೆ ಎಂತ ಮಾಡ್ತದೆ ತಂಗಿ?”

ಅಮೀರುನ್ನಿಸಾ ಅವರಿಗೆ ಆ ಮಾತಿನಲ್ಲಿ ನ್ಯಾಯ ಕಾಣುತ್ತದೆ. ನೀರಿನಿಂದ ದೂರ ಇಡಿ ಎಂದು ಎಲ್ಲರಿಗೂ ಹೇಳಿದ್ದರು. ಬೆಂಕಿಯಿಂದ ದೂರ ಇಡಿ ಎಂದು ಯಾರಿಗೂ ಹೇಳಿರಲಿಲ್ಲ. ಒಲೆಯ ಮೇಲೆ ಟ್ಯಾಬ್ ಇಡಬೇಡಿ ಎಂದು ಅದರ ಡಬ್ಬಿಯ ಮೇಲೆ ಬರೆದವರೂ ಇಲ್ಲ. ಬರೆಯುವವರ ಊರಿನಲ್ಲಿ ಅಂಥ ಅಟ್ಟ ಇರಲಿಕ್ಕಿಲ್ಲ.

ಆದರೆ ಊರಿನ ನೀರು ಅದರ ಮೇಲೆ ನಿಂತಿತ್ತು. ಕಾಡಿನಲ್ಲಿ ಮೊದಲೇ ಇರುವ ಲೈನನ್ನು ದುರಸ್ತಿ ಮಾಡುವುದಕ್ಕೆ ಅರಣ್ಯ ಇಲಾಖೆಯ ಅಡ್ಡಿಯಿಲ್ಲ, ಆದರೆ ಅದು ಇದ್ದ ಜಾಗ ತೋರಿಸಬೇಕು. ತೋರಿಸಲಾಗದಿದ್ದರೆ ಅದು ಹೊಸ ಲೈನು, ಹೊಸ ಅರ್ಜಿ. ಅರ್ಜಿ ಎಷ್ಟು ಮಳೆಗಾಲ ನೋಡುತ್ತದೋ ಹೇಳುವವರಿಲ್ಲ. ಗುಡ್ಡದ ಮೇಲೆ ಗುರುತಿಗಿದ್ದ ಮರಗಳು ಮಣ್ಣಿನ ಜೊತೆ ಕೆಳಗೆ ಬಂದಿದ್ದವು. ಹೊನ್ನ ನಾಯ್ಕರಿಗೂ ಆ ಬಯಲು ಬೇರೆ ಯಾರದೋ ಊರಿನಂತೆ ಕಾಣುತ್ತಿತ್ತು. ಅರಣ್ಯದವರು ಬಂದು ನೋಡುವ ದಿನ ಗೊತ್ತಾಗಿತ್ತು.

ಜಾರುವ ಮೊದಲಿನ ನಕ್ಷೆ ಬ್ಯಾಕಪ್‌ನಲ್ಲಿ ಇತ್ತು. ಅದನ್ನು ಇಳಿಸಿಕೊಳ್ಳಲು ಇನ್ನೊಂದು ಟ್ಯಾಬ್ ಬೇಕಿತ್ತು. ಅಮೀರುನ್ನಿಸಾ ಅವರ ಫೋನು ಎಷ್ಟು ಹಳೆಯದೆಂದರೆ ಆ ಆಪ್ ಅದರಲ್ಲಿ ಕೂರುವುದೇ ಇಲ್ಲ. ಊರಿನ ಟ್ಯಾಬ್ ಎಲ್ಲ ನಿನ್ನ ಕೈಗೆ ಬಂದು ಹೋಗುತ್ತವೆ, ಒಂದಾದರೂ ಉಳಿಯಬಾರದೇ ಎಂದು ಖಾಜಾ ಹುಸೇನ್ ಕಿಚಾಯಿಸಿದರು. ಮೂವತ್ತಾರರಲ್ಲಿ ಆ ದಿನ ಖಾಲಿ ಕೂತಿದ್ದದ್ದು ರಾಘು ಭಟ್ಟರದ್ದೊಂದೇ. ಅದೂ ಪೂರ್ತಿ ಖಾಲಿಯಲ್ಲ.

“ನಾಡಿದ್ದು ಸತ್ಯನಾರಾಯಣ ಕತೆ ಊಟ ಇದ್ದು. ಲಿಸ್ಟು ಪೂರಾ ಇದ್ರಲ್ಲೇ ಇದ್ದು,” ಎಂದು ಭಟ್ಟರು ಎರಡೆರಡು ಸಲ ಹೇಳಿ ಕೊಟ್ಟರು. “ನೀರು ಹುಡುಕಲೆ ಹೋಗಿ ನನ್ನ ಪಾಯಸ ಕಳಕಂಡು ಬರಡ.”

ತಿರುವಿನ ಮರದ ಕೆಳಗೆ ಕೂತು ಅಮೀರುನ್ನಿಸಾ ನಕ್ಷೆ ಇಳಿಸಿಕೊಂಡರು. ಫ್ಲೈಟ್ ಮೋಡಿಗೆ ಹಾಕಿ ನೋಡಿದರು. ತೆರೆಯಿತು.

ಮರುದಿನ ಗುಡ್ಡದ ಮೇಲೆ ಅರಣ್ಯದ ಇಬ್ಬರು, ಊರಿನ ಏಳೆಂಟು ಜನ, ಹಾರೆ ಹಿಡಿದ ಹೊನ್ನ ನಾಯ್ಕರು, ಟ್ಯಾಬ್ ಹಿಡಿದ ಅಮೀರುನ್ನಿಸಾ. ನಕ್ಷೆಯ ಮೇಲಿನ ಕೆಂಪು ಚುಕ್ಕೆ ಇದ್ದಲ್ಲಿ ಅಗೆದರು. ಬರೀ ಮಣ್ಣು. ಇನ್ನೂ ಆಳಕ್ಕೆ ಹೋದರು. ಮತ್ತೂ ಮಣ್ಣು. ಊರಿನವರ ಮುಖ ಸಣ್ಣದಾಗುತ್ತ ಬಂತು. ಆ ಹೊತ್ತಿಗೆ ಟ್ಯಾಬ್ ಗಟ್ಟಿ ದನಿಯಲ್ಲಿ ಹೇಳಿತು: ಬೆಲ್ಲ ಎಂಟು ಕೇಜಿ, ಬಾಳೆ ಎಲೆ ಬಂತಾ ಕೇಳು.

ಅರಣ್ಯದವರು ಊಟ ಎಲ್ಲಿ ಎಂದು ವಿಚಾರಿಸಿದರು. ಎಲ್ಲರೂ ನಕ್ಕರು. ನಗು ನಿಲ್ಲುವಷ್ಟರಲ್ಲಿ ಹೊನ್ನ ನಾಯ್ಕರು ಗುಂಡಿಯಿಂದ ಎದ್ದು ಇಳಿಜಾರಿನ ಕೆಳಗೆ ನಡೆದಿದ್ದರು. ಮಣ್ಣು ಜಾರುವಾಗ ಲೈನನ್ನೂ ಎಳೆದುಕೊಂಡು ಹೋಗಿರುತ್ತದೆ, ಚುಕ್ಕೆ ಇರುವುದು ಅದರ ಹಳೆಯ ಜಾಗದಲ್ಲಿ ಎಂಬುದು ಅವರ ತಲೆಗೆ ಹೊಳೆದಿತ್ತು. ಅಮೀರುನ್ನಿಸಾ ನಕ್ಷೆಯ ಗೆರೆ ಓಡುವ ದಿಕ್ಕನ್ನು ಕೂಗಿ ಹೇಳುತ್ತ ಹೋದರು, ಅವರು ಹಾರೆ ಚುಚ್ಚುತ್ತ ಹೋದರು. ಐದಾರು ಕಡೆ ಮೆತ್ತಗೆ ಇಳಿದ ಹಾರೆ ಒಂದು ಕಡೆ ಟಕ್ ಎಂದು ನಿಂತಿತು. ಕೈಯಿಂದ ಮಣ್ಣು ಬಗೆದಾಗ ಕರಿ ಪೈಪಿನ ಬೆನ್ನು ಕಂಡಿತು. ಮತ್ತೆರಡು ಕಡೆಯೂ ಹಾಗೆಯೇ ಸಿಕ್ಕಿತು. ಹಳೆಯ ಲೈನು ಹೌದು ಎಂದು ಬಂದವರು ಒಪ್ಪಿದರು. ಸಹಿಯಾಯಿತು.

ಗಣೇಶ ಚೌತಿಯ ಹೊತ್ತಿಗೆ ಹನ್ನೊಂದು ಮನೆಗೆ, ಅಂಗನವಾಡಿಗೆ ನೀರು ಬಂತು. ಭಟ್ಟರ ಟ್ಯಾಬ್ ಸಮಯಕ್ಕೆ ಸರಿಯಾಗಿ ಹೆಗಡೆಕಟ್ಟಾ ಸೇರಿತ್ತು. ಪಾಯಸವೂ ಆಯಿತು.

ಹನ್ನೆರಡನೆಯ ಮನೆಯ ಕವಲು ಮಾತ್ರ ಸಿಗಲಿಲ್ಲ. ಹೊನ್ನ ನಾಯ್ಕರು ಅದನ್ನು ಗುರುತು ಹಾಕಿದ್ದು ಗುಡ್ಡ ಜಾರಿದ ಮೇಲೆ, ಉಬ್ಬಿದ ಆ ಟ್ಯಾಬಿನಲ್ಲಿ. ಬ್ಯಾಕಪ್‌ನಲ್ಲಿ ಅದು ಇಲ್ಲ. ಅರಣ್ಯದವರು ಬರುವ ಮೊದಲೇ ಆಗಸ್ಟಿನ ಇನ್ನೊಂದು ದೊಡ್ಡ ಮಳೆಗೆ ಉಳಿದ ಗುಡ್ಡವೂ ಕುಸಿದು ಆ ಕವಲಿನ ಮೇಲೆ ಬಿತ್ತು. ಹೊನ್ನ ನಾಯ್ಕರು ನಾಲ್ಕು ಕಡೆ ಅಗೆದು ನೋಡಿದರು. ತೋರಿಸಲು ಏನೂ ಇಲ್ಲದ್ದರಿಂದ ಅದು ಈಗ ಹೊಸ ಲೈನು. ಅರ್ಜಿ ಹಾಕಿದ್ದಾರೆ. ಅಲ್ಲಿಯವರೆಗೆ ದ್ಯಾವಮ್ಮ ಹಳೆಯ ಬಾವಿಗೆ ಹೊಸ ಹಗ್ಗ ಕಟ್ಟಿಸಿಕೊಂಡಿದ್ದಾರೆ. ಊರಿಗೆಲ್ಲ ನೀರು ಬಿಡುವವನ ಮನೆಯಲ್ಲಿ ಕೊಡಪಾನ ಎಳೆಯುವುದು ನಾನು ಎಂದು ಬಂದವರಿಗೆಲ್ಲ ಹೇಳುತ್ತಾರೆ. ಮಗನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಾರೆ.

ತಿರುವಿನಲ್ಲಿ ಬಿಸಿಲು ಏರಿದೆ. ಏಳು ಟ್ಯಾಬ್‌ಗಳ ಹೊಟ್ಟೆ ತುಂಬಿದೆ. ಅಮೀರುನ್ನಿಸಾ ಒಂದೊಂದನ್ನೂ ಅದರದರ ಚೀಲಕ್ಕೆ ಹಾಕುತ್ತಾರೆ. ಪ್ರತಿಯೊಂದು ಚೀಲದ ಬಾಯಿಗೂ ಈಗ ಒಂದು ಕೆಂಪು ಬಟ್ಟೆಯ ತುಂಡು ಹೊಲಿದಿದೆ. ಒಲೆಯ ಹತ್ತಿರ ಬೇಡ ಎಂಬುದಕ್ಕೆ ಅದು ಗುರುತು. ಮಳೆಗಾಲದ ನಂತರ ತಾವೇ ಕೂತು ಹೊಲಿದದ್ದು. ಅಬ್ಬಿಗದ್ದೆಯವರು ಸೇರಿ ಹೊನ್ನ ನಾಯ್ಕರಿಗೆ ಕೊಡಿಸಿದ ಹೊಸ ಟ್ಯಾಬಿನ ಚೀಲವೂ ಇವುಗಳಲ್ಲಿ ಇದೆ. ಮನೆಯಲ್ಲಿ ಅದು ಒಲೆಯಿಂದ ದೂರ, ಜಗಲಿಯ ಮೊಳೆಗೆ ನೇತಾಡುತ್ತದೆ. ಮೊಳೆ ಹೊಡೆದವರು ದ್ಯಾವಮ್ಮ. ಆ ಟ್ಯಾಬಿನ ನಕ್ಷೆಯಲ್ಲಿ ಮೊದಲು ಹಾಕಿದ ಗೆರೆ ಅವರದೇ ಮನೆಯ ಬಾವಿಯ ದಾರಿ. ಅಮೀರುನ್ನಿಸಾ ಬಿಡದೆ ಹಾಕಿಸಿದ್ದಾರೆ. ಹೊನ್ನ ನಾಯ್ಕರು ಈ ಸಲ ಎದುರಾಡಲಿಲ್ಲ.

ಇಷ್ಟು ಜನರ ಟ್ಯಾಬ್ ನೋಡಿಕೊಳ್ಳುವವರು ತಮಗೊಂದು ಯಾಕೆ ತೆಗೆದುಕೊಳ್ಳುವುದಿಲ್ಲ ಎಂಬ ಪ್ರಶ್ನೆ ಅವರಿಗೆ ಹಳತಾಗಿದೆ. ಮೂರೂ ತಿರುವುಗಳಲ್ಲಿ ಮಳೆಗೆ ನಿಲ್ಲಲು ನಾಲ್ಕು ತಗಡಿನ ಮಾಡು ಆದರೆ ಸಾಕು, ಅದಾದ ಮೇಲೆ ಟ್ಯಾಬಿನ ಮಾತು ಎನ್ನುತ್ತಾರೆ. ಎರಡು ವರ್ಷದಲ್ಲಿ ನಾಲ್ಕು ಟ್ಯಾಬ್ ಬಿದ್ದು ಒಡೆದಿವೆ, ಒಂದು ಅಘನಾಶಿನಿ ಹೊಳೆಯ ಪಾಲಾಗಿದೆ. ಅವುಗಳಲ್ಲಿದ್ದ ಕೆಲಸವೆಲ್ಲ ಹೊಸ ಟ್ಯಾಬಿಗೆ ವಾಪಸು ಬಂದಿದೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಂಕೋಚವಿಲ್ಲ.

“ನನ್ನ ಕೈಗೆ ಬಂದದ್ದು ಹೋಗೂದಿಲ್ಲ,” ಎನ್ನುತ್ತಾರೆ. “ಬರದೆ ಇದ್ದದ್ದು ಹೋಯ್ತು.”

ಶಿರಸಿಯಿಂದ ಮಧ್ಯಾಹ್ನದ ಬಸ್ಸು ಬಂದು ನಿಲ್ಲುತ್ತದೆ. ಚೀಲಗಳು ಬಾನೆಟ್ಟಿನ ಮೇಲೆ ಹತ್ತುತ್ತವೆ, ಡ್ರೈವರ್ ಎಣಿಸಿಕೊಂಡು ತಲೆಯಾಡಿಸುತ್ತಾರೆ. ಅಮೀರುನ್ನಿಸಾ ಕೊಕ್ಕೆಕೋಲಿನಿಂದ ಫೋನನ್ನು ಇಳಿಸುತ್ತಾರೆ. ಆ ಮಳೆಗಾಲದಲ್ಲಿ ಹೋದದ್ದು ಏನೇನು ಎಂದು ಕೇಳಿದರೆ ಅವರು ಯೋಚಿಸುವುದಿಲ್ಲ. ಒಂದು ಟ್ಯಾಬು. ಹದಿನೇಳು ಚುಕ್ಕೆ. ದ್ಯಾವಮ್ಮನ ಮನೆಯ ನಲ್ಲಿ.